819 ಮಿಲಿಮೀಟರ್ ಸುಳ್ಳು, ಸೊನ್ನೆ ಅದಕ್ಕಿಂತ ದೊಡ್ಡ ಸುಳ್ಳು

ಉಡುಪಿ ಹತ್ತಿರದ ಪರ್ಕಳದ ನಮ್ಮ ಮನೆಯ ತಾರಸಿಯಲ್ಲಿ ಒಂದು ಪುಟ್ಟ ಹವಾಮಾನ ಕೇಂದ್ರವಿದೆ. ಮಳೆ, ಉಷ್ಣಾಂಶ, ತೇವಾಂಶ, ಗಾಳಿ, ಬೆಳಕು ಇವನ್ನೆಲ್ಲ ಅಳೆದು 433 ಮೆಗಾಹರ್ಟ್ಸ್ ರೇಡಿಯೊ ಅಲೆಯಲ್ಲಿ ಕೆಳಗಿನ ಕೋಣೆಗೆ ಕಳುಹಿಸುತ್ತದೆ. ವಾಯುಭಾರದ ಸಂವೇದಕ ಮಾತ್ರ ಕೋಣೆಯೊಳಗೆ ಅಳತೆಗಳನ್ನು ತೋರಿಸುವ ಕನ್ಸೋಲ್‌ನಲ್ಲೇ ಇದೆ. ಪಕ್ಕದಲ್ಲಿರುವ ರಾಸ್ಪ್‌ಬೆರಿ ಪೈ ಗಣಕದಲ್ಲಿ ವೀವೆಕ್ಸ್ ಎಂಬ ಮುಕ್ತ ತಂತ್ರಾಂಶ ಐದು ನಿಮಿಷಕ್ಕೊಂದು ಸಾಲು ಬರೆದಿಡುತ್ತದೆ. ಕೇಂದ್ರವನ್ನು ಜೋಡಿಸಿದ ಕಥೆ ಇಲ್ಲಿ ಬೇಡ. ಹಾಗೆ ಬಿದ್ದ ಸಾಲುಗಳಲ್ಲಿನ ಸುಳ್ಳನ್ನು ಹುಡುಕಿ ತೆಗೆದ ಕೆಲಸದ ಟಿಪ್ಪಣಿ ಇದು.

ಕೆಲಸ ಶುರುವಾದದ್ದು ದೊಡ್ಡಪ್ಪನ ಒಂದು ಪ್ರಶ್ನೆಯಿಂದ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವು ಕೊಡಬೇಕು. ಒಮ್ಮೆ ಮಳೆಗಾಲಕ್ಕೆ ಮುಂಚೆ ಹೊಡೆದರೆ, ನಲವತ್ತು ನಲವತ್ತೈದು ದಿನಗಳ ಮೇಲೆ ಇನ್ನೊಮ್ಮೆ ಹೊಡೆಯಬೇಕಾಗುತ್ತದೆ. ಆ ಎರಡನೆಯದು ಸರಿಯಾಗಿ ಆಟಿ ತಿಂಗಳ ಜಡಿಮಳೆಯ ನಡುವೆ ಬಂದು ಬೀಳುತ್ತದೆ. "ಜುಲೈಯಲ್ಲಿ ಸಾಮಾನ್ಯವಾಗಿ ಎಷ್ಟು ದಿನ ಬಿಡುವು ಸಿಗುತ್ತದೆ, ನಿನ್ನ ಯಂತ್ರವನ್ನು ಕೇಳಿ ಹೇಳು" ಎಂದರು. ಯಂತ್ರ ಹೇಳಿದ ಉತ್ತರವನ್ನು ಓದಿದಾಗ ಅವರು ನಕ್ಕುಬಿಟ್ಟರು. ಎರಡು ವರ್ಷದ ಹಿಂದಿನ ಜುಲೈಯಲ್ಲಿ ಸಾಲಾಗಿ ಕೆಲವು ದಿನ ಒಂದು ಹನಿಯೂ ಬಿದ್ದಿಲ್ಲ ಎಂದು ಅದು ಹೇಳುತ್ತಿತ್ತು. "ಆ ದಿನಗಳಲ್ಲಿ ನನ್ನ ತೋಟದ ಕಣಿಗಳಲ್ಲಿ ನೀರು ನಿಂತಿತ್ತು ಮಾರಾಯ. ನಿನ್ನ ಯಂತ್ರದ ಬಾಯಿಗೆ ಏನೋ ಕಟ್ಟಿತ್ತು, ನೋಡು."

ದೊಡ್ಡಪ್ಪನ ಮಾತಿಗೆ ಆಧಾರವಿತ್ತು. ಅವರ ಅಂಗಳದಲ್ಲಿ ಫೈಬರ್ ಗಾಜಿನ ಸಾದಾ ಮಳೆಮಾಪಕವಿದೆ. ಅದರ ಬಾಯಿ ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿದೆ, ಭಾರತೀಯ ಹವಾಮಾನ ಇಲಾಖೆಯ ಪದ್ಧತಿಯಂತೆ. ಬೆಳಿಗ್ಗೆ 8:30ಕ್ಕೆ ನೀರನ್ನು ಅಳತೆ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಪುಸ್ತಕದಲ್ಲಿ ಬರೆದಿಡುವುದು ಅವರ ವ್ರತ. ಆ ಪುಸ್ತಕವೇ ನನ್ನ ಅಳತೆಗೋಲಾಯಿತು.

ಮೊದಲ ನಿಯಮವನ್ನು ಹೇಳಿಬಿಡುತ್ತೇನೆ: ಮೂಲ ಕಡತವನ್ನು ಮುಟ್ಟುವುದಿಲ್ಲ. ವೀವೆಕ್ಸ್ ತನ್ನ ದಾಖಲೆಯನ್ನು ಎಸ್‌ಕ್ಯೂಲೈಟ್ ಎಂಬ ದತ್ತಸಂಚಯದ ಕಡತವೊಂದರಲ್ಲಿ ಇಡುತ್ತದೆ. ತಂತ್ರಾಂಶವನ್ನು ನಿಲ್ಲಿಸಿ, ಕಡತದ ಪ್ರತಿ ತೆಗೆದು, ಮೂಲವನ್ನು ಓದಲು ಮಾತ್ರ ಸಾಧ್ಯವಾಗುವಂತೆ ಬೀಗ ಹಾಕಿದೆ. ಪ್ರತಿಯಲ್ಲಿ ಹೊಸದೊಂದು ಕೋಷ್ಟಕ ತೆರೆದೆ: ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ, ಯಾವ ಅಳತೆ, ಹಳೆಯ ಬೆಲೆ, ಹೊಸ ಬೆಲೆ, ಕಾರಣ. ಕಾರಣದ ಅಂಕಣ ಖಾಲಿಯಿದ್ದರೆ ತಿದ್ದುಪಡಿಯೇ ಇಲ್ಲ. ಹೀಗೆ ಮಾಡದಿದ್ದರೆ ಮೂರು ತಿಂಗಳ ನಂತರ ನಾವೇ ತಿದ್ದಿದ ಸಂಖ್ಯೆಯನ್ನು ಕಂಡು, ಇದು ಆಕಾಶದಿಂದ ಬಂದದ್ದೋ ಕೈಯಿಂದ ಬಂದದ್ದೋ ಎಂದು ತಲೆ ಕೆರೆದುಕೊಳ್ಳುವುದು ಖಂಡಿತ.

ಕಣ್ಣಿಗೆ ಹೊಡೆಯುವ ತಪ್ಪುಗಳಿಂದ ಶುರು ಮಾಡಿದೆ. ಎಲ್ಲಕ್ಕಿಂತ ದೊಡ್ಡದು, ಒಂದೇ ಐದು ನಿಮಿಷದ ಸಾಲಿನಲ್ಲಿ 819.0 ಮಿ.ಮೀ. ಮಳೆ. ನಮ್ಮ ಕಡೆ ಇಡೀ ಜೂನ್ ತಿಂಗಳಲ್ಲಿ ಸುರಿಯುವ ಮಳೆಯ ಬಹುಭಾಗಕ್ಕೆ ಸಮನಾದ ಸಂಖ್ಯೆ. ಇದನ್ನು ಅಳಿಸಿ ಮುಂದೆ ಹೋಗಬಹುದಿತ್ತು, ಆದರೆ ಸಂಖ್ಯೆಯೇ ತನ್ನ ಹುಟ್ಟನ್ನು ಹೇಳುತ್ತದೆ. ನನ್ನ ಮಳೆಮಾಪಕದಲ್ಲಿ ಮೇಲಿನ ಆಲಿಕೆಯಿಂದ ಇಳಿದ ನೀರು ಪುಟ್ಟ ಬಟ್ಟಲನ್ನು ತುಂಬಿ ವಾಲಿಸಿದಾಗಲೆಲ್ಲ ಒಂದು ಎಣಿಕೆ, ಒಂದು ಎಣಿಕೆಗೆ 0.2 ಮಿ.ಮೀ. 819ನ್ನು 0.2ರಿಂದ ಭಾಗಿಸಿದರೆ 4095. ಹನ್ನೆರಡು ಬಿಟ್‌ಗಳೂ, ಅಂದರೆ 0 ಅಥವಾ 1 ಆಗಬಲ್ಲ ಗಣಕದ ಅಂಕೆಗಳೆಲ್ಲವೂ, 1 ಆದಾಗ ಬರುವ ಸಂಖ್ಯೆ ಅದು. ಸಂವೇದಕ ಕಳುಹಿಸುವ ರೇಡಿಯೊ ಸಂದೇಶದಲ್ಲಿ ಮಳೆಯ ಒಟ್ಟು ಎಣಿಕೆಗೆ ಹನ್ನೆರಡು ಬಿಟ್‌ಗಳ ಜಾಗವಿದೆ. ತಾರಸಿಯ ಘಟಕದ ಸೆಲ್ ಬದಲಾಯಿಸಿದ ದಿನಾಂಕವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ನೋಡಿದೆ, ಅದೇ ದಿನ. ಹೊಸ ಸೆಲ್ ಹಾಕಿದ ಕೂಡಲೇ ಎಣಿಕೆ ಸೊನ್ನೆಗೆ ಹೋಗಿದೆ, ಘಟಕ ಸರಿಯಾಗಿ ಎಚ್ಚರಗೊಳ್ಳುವ ಮೊದಲೇ ಎಲ್ಲ ಬಿಟ್‌ಗಳೂ 1 ಆದ ಸಂದೇಶವೊಂದು ಹೊರಟಿದೆ, ತಂತ್ರಾಂಶ ವ್ಯತ್ಯಾಸವನ್ನು ಮಳೆ ಎಂದು ಬರೆದಿದೆ. ಕಾರಣದ ಅಂಕಣ ತುಂಬಿತು. ಆ ಬೆಲೆ ಖಾಲಿಯಾಯಿತು.

ಖಾಲಿ ಎಂದೆ, ಸೊನ್ನೆ ಎನ್ನಲಿಲ್ಲ. ಈ ವ್ಯತ್ಯಾಸ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಇಂಥ ಸಂಖ್ಯೆಗಳು ಮತ್ತೆ ಬಾರದಂತೆ ತಂತ್ರಾಂಶದಲ್ಲೇ ಗರಿಷ್ಠ ಮಿತಿ ಹಾಕಬಹುದು. ಹಾಕಿದ್ದೇನೆ, ಆದರೆ ತುಂಬ ಸಡಿಲವಾಗಿ. ದಿನಕ್ಕೆ ಇಷ್ಟು ಮಿಲಿಮೀಟರ್ ದಾಟಿದರೆ ಸುಳ್ಳು ಎಂಬ ಮಿತಿಯನ್ನು ಕರಾವಳಿಯಲ್ಲಿ ಹಾಕುವುದು ಅಪಾಯ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 204.4 ಮಿ.ಮೀ. ದಾಟಿದರೆ ಅದು ಅತ್ಯಂತ ಭಾರಿ ಮಳೆ. ಬಯಲುಸೀಮೆಯವರಿಗೆ ಅದು ಅಸಂಭವವೆನಿಸೀತು. 2020ರ ಸೆಪ್ಟೆಂಬರ್ 20ರಂದು ಕಲ್ಸಂಕದ ಆಸುಪಾಸು ಮುಳುಗಿದ್ದನ್ನು ಕಂಡ ಉಡುಪಿಯವರಿಗೆ, 2018ರ ಮೇ 29ರಂದು ರಸ್ತೆಗಳಲ್ಲಿ ಸಿಕ್ಕಿಬಿದ್ದ ಮಂಗಳೂರಿನವರಿಗೆ ಹಾಗೆನಿಸುವುದಿಲ್ಲ. ಬಿಗಿಯಾದ ಮಿತಿ ಮೊದಲು ನುಂಗುವುದು ಅಂಥ ದಿನಗಳನ್ನೇ, ಅಂದರೆ ದಾಖಲೆಯಲ್ಲಿ ಉಳಿಯಲೇಬೇಕಾದ ದಿನಗಳನ್ನು. ಆದ್ದರಿಂದ ಐದು ನಿಮಿಷಕ್ಕೆ 15 ಮಿ.ಮೀ. ದಾಟಿದರೆ ಅಳಿಸಬೇಡ, ಗುರುತು ಹಾಕು, ನಾನು ಬಂದು ನೋಡುತ್ತೇನೆ ಎಂದಷ್ಟೇ ಹೇಳಿಟ್ಟಿದ್ದೇನೆ.

ಬೇಸಿಗೆಯ ಸುಳ್ಳು ಮಳೆಗಳು ಸ್ವಲ್ಪ ತಮಾಷೆಯವು. ಫೆಬ್ರವರಿಯ ಒಂದು ಮಧ್ಯಾಹ್ನ ಹತ್ತು ನಿಮಿಷದಲ್ಲಿ 14 ಮಿ.ಮೀ. ಸುರಿದಿದೆ. ಉಷ್ಣಾಂಶ 33 ಡಿಗ್ರಿಯಲ್ಲಿ ಅಲುಗಾಡಿಲ್ಲ, ತೇವಾಂಶ 50ರ ಮೇಲೆ ಏರಿಲ್ಲ, ಬಿಸಿಲಿನ ಗೆರೆ ನೆಟ್ಟಗಿದೆ. ನಿಜವಾದ ಬೇಸಿಗೆ ಮಳೆ ಬಂದಾಗ ಕಾಲು ಗಂಟೆಯಲ್ಲಿ ಉಷ್ಣಾಂಶ ಐದಾರು ಡಿಗ್ರಿ ಇಳಿಯುತ್ತದೆ, ತೇವಾಂಶ ಜಿಗಿಯುತ್ತದೆ. ಇದು ಸೌರ ಫಲಕ ತೊಳೆಯಲು ಬಂದವರ ಪೈಪ್ ನೀರು. ಒಂದೊಂದೇ 0.2 ಬಿದ್ದಿರುವ ನಡುಹಗಲುಗಳು ಬಹುಶಃ ಕಾಗೆಯವು. ಆಲಿಕೆಯ ಅಂಚಿನಲ್ಲಿ ಕೂತು ಅದು ಏನೇನು ಮಾಡುತ್ತದೆ ಎಂದು ಸ್ವಚ್ಛಗೊಳಿಸುವವರಿಗೆ ಗೊತ್ತು. ಇವನ್ನೆಲ್ಲ ಸೊನ್ನೆ ಮಾಡಿದೆ, ಏಕೆಂದರೆ ಆ ಹೊತ್ತಿನಲ್ಲಿ ಮಳೆ ಬಂದಿಲ್ಲ ಎಂಬುದು ಉಳಿದ ಸಂವೇದಕಗಳಿಂದ ಸ್ಪಷ್ಟ. ಜನವರಿಯ ಮುಂಜಾನೆ ಆರೂವರೆಯ ಹೊತ್ತಿಗೆ ಬೀಳುವ 0.2 ಮಾತ್ರ ಬೇರೆ ಜಾತಿ. ತೇವಾಂಶ ಶೇಕಡ 98, ಆಕಾಶ ನಿರ್ಮಲ, ಗಾಳಿ ಇಲ್ಲ. ಆಲಿಕೆಯ ಒಳಮೈಯಲ್ಲಿ ರಾತ್ರಿಯಿಡೀ ಕೂಡಿದ ಇಬ್ಬನಿ ಇಳಿದು ಬಟ್ಟಲನ್ನು ವಾಲಿಸಿದೆ. ಮಳೆಯಲ್ಲ, ಆದರೆ ಆಕಾಶದ ನೀರೇ. ಅದನ್ನು ಹಾಗೆಯೇ ಬಿಟ್ಟು, ಕಾರಣದಲ್ಲಿ "ಇಬ್ಬನಿ" ಎಂದು ಬರೆದೆ. ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಆದರೆ ಮಾತ್ರ ಅದು ಮಳೆಯ ದಿನ, ಹಾಗಾಗಿ ಯಾರ ಗಂಟೂ ಹೋಗುವುದಿಲ್ಲ.

ಈಗ ಆ ಜುಲೈಯ ಸೊನ್ನೆಗಳು. ಹೆಚ್ಚು ಹೊತ್ತು ಹಿಡಿದದ್ದೂ ಹೆಚ್ಚು ಕಲಿಸಿದ್ದೂ ಇವೇ.

819ನಂಥ ಸಂಖ್ಯೆ ತಾನಾಗಿಯೇ ಕೈ ಎತ್ತಿ ನಿಲ್ಲುತ್ತದೆ. ಸೊನ್ನೆ ಹಾಗಲ್ಲ. ವರ್ಷದ ಅರ್ಧಕ್ಕಿಂತ ಹೆಚ್ಚು ದಿನಗಳಲ್ಲಿ ಸೊನ್ನೆಯೇ ಸರಿಯಾದ ಉತ್ತರವಾದ್ದರಿಂದ, ಸುಳ್ಳು ಸೊನ್ನೆ ಸಭ್ಯ ವೇಷದಲ್ಲಿ ನಿಜದ ಸೊನ್ನೆಗಳ ನಡುವೆ ಕೂತಿರುತ್ತದೆ. ಗರಿಷ್ಠ ಮಿತಿ, ಕನಿಷ್ಠ ಮಿತಿ ಯಾವುದೂ ಅದನ್ನು ಹಿಡಿಯುವುದಿಲ್ಲ. ದೊಡ್ಡಪ್ಪ ಕೇಳುತ್ತಿದ್ದುದು ಬಿಡುವಿನ ದಿನಗಳನ್ನು, ಅಂದರೆ ಸರಿಯಾಗಿ ಸೊನ್ನೆಗಳನ್ನೇ.

ಹಿಡಿಯಲು ಉಳಿದ ಸಂವೇದಕಗಳನ್ನು ಸಾಕ್ಷಿಗೆ ಕರೆದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಿನಗಳಲ್ಲಿ ಮಳೆ ಸೊನ್ನೆ, ಆದರೆ ಹಗಲಿನಲ್ಲೇ ಆರು ಗಂಟೆಗೂ ಹೆಚ್ಚು ಹೊತ್ತು ತೇವಾಂಶ 95ರ ಮೇಲೆ, ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶಗಳ ಅಂತರ 3 ಡಿಗ್ರಿಗಿಂತ ಕಡಿಮೆ, ಬೆಳಕು ಮಂಕು. ಈ ಮೂರೂ ಕೂಡಿದ ದಿನಗಳನ್ನು ಹೊರತೆಗೆದೆ. ಕರಾವಳಿಯಲ್ಲಿ ಅಂಥ ದಿನ ಮಳೆ ಬಾರದಿರುವುದು ಅಪರೂಪ. ಬಂದ ಪಟ್ಟಿಯನ್ನು ದೊಡ್ಡಪ್ಪನ ಪುಸ್ತಕದ ಜೊತೆ ಇಟ್ಟು ನೋಡಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ಅದರ ಹತ್ತಿರದ ಅಂಕಿಗಳನ್ನು ಮಳೆ ಬಂತೇ ಇಲ್ಲವೇ ಎಂಬುದಕ್ಕೆ ಮಾತ್ರ ನೋಡಿದೆ, ಎಷ್ಟು ಬಂತು ಎಂಬುದಕ್ಕಲ್ಲ. ಮಣಿಪಾಲದಲ್ಲಿ ಹೊಯ್ದ ಮಳೆ ಹಿರಿಯಡಕದಲ್ಲಿ ಅಷ್ಟೇ ಹೊಯ್ಯಬೇಕೆಂಬ ನಿಯಮವಿಲ್ಲ.

ಪಟ್ಟಿಯ ಮೊದಲ ದಿನಕ್ಕಿಂತ ಹಿಂದಿನ ರಾತ್ರಿಯ ಸಾಲುಗಳು ಇಡೀ ಕಥೆ ಹೇಳಿದವು. ಸಂಜೆ ಜೋರು ಮಳೆ. ಐದು ನಿಮಿಷಕ್ಕೆ 3.4, 2.8, 4.0 ಹೀಗೆ ಏರಿಳಿತ. ಆಮೇಲೆ ರಾತ್ರಿ 11ರಿಂದ ಬೆಳಗಿನ 5ರವರೆಗೆ ಪ್ರತಿ ಸಾಲಿನಲ್ಲೂ 0.2, 0.2, 0.2. ಮಳೆ ಹೀಗೆ ಗಡಿಯಾರ ನೋಡಿಕೊಂಡು ಬೀಳುವುದಿಲ್ಲ. ಇದು ಆಲಿಕೆಯಲ್ಲಿ ನಿಂತ ನೀರು ಇಕ್ಕಟ್ಟಾದ ತೂತಿನಿಂದ ತೊಟ್ಟಿಕ್ಕಿದ ಗತಿ. ಆರು ಗಂಟೆಯಲ್ಲಿ ಒಟ್ಟು 14.4 ಮಿ.ಮೀ. ಆಲಿಕೆಯ ಬಾಯಿಯ ಒಳವ್ಯಾಸ 16.5 ಸೆಂಟಿಮೀಟರ್, ಅಂದರೆ ವಿಸ್ತೀರ್ಣ 214 ಚದರ ಸೆಂಟಿಮೀಟರ್. 14.4 ಮಿ.ಮೀ.ಗೆ ನೀರು ಸುಮಾರು 308 ಮಿಲಿಲೀಟರ್. ಆಲಿಕೆಯ ತೂತು ಮುಚ್ಚಿ ನೀರು ತುಂಬಿಸಿ ಅಳೆದರೆ ಅದು ಹಿಡಿಯುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಆ ಸಂಜೆ ಆಲಿಕೆ ತುಂಬಿ, ಉಳಿದದ್ದೆಲ್ಲ ಅಂಚಿನಿಂದ ಹೊರಗೆ ಹರಿದಿದೆ. ಬೆಳಗಿನ ನಂತರ ತೂತು ಪೂರ್ತಿ ಕಟ್ಟಿದೆ. ಆಗ ಅಲ್ಲಿಂದ ತೆಗೆದದ್ದು ತೆಂಗಿನ ಗಂಡು ಹೂಗಳು, ಜೇಡರ ಬಲೆ, ಇವೆರಡನ್ನೂ ಹಿಡಿದು ಕೂರಿಸಿದ ಪಾಚಿ.

ಈ ದಿನಗಳಿಗೆ ಏನು ಬರೆಯಬೇಕು? ದೊಡ್ಡಪ್ಪನ ಪುಸ್ತಕದಲ್ಲಿ ದಿನದ ಮೊತ್ತವಿದೆ. ಅದನ್ನು 288ರಿಂದ ಭಾಗಿಸಿ ಐದು ನಿಮಿಷದ ಸಾಲುಗಳಿಗೆ ಹಂಚುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹಾಗೆ ಹಂಚಿದರೆ ತಿಂಗಳ ಮೊತ್ತ ಚೆಂದ ಕಾಣುತ್ತದೆ, ಆದರೆ ದಿನವಿಡೀ ಒಂದೇ ಹದದಲ್ಲಿ ಸೋನೆ ಹೊಯ್ಯಿತು ಎಂಬ ಹೊಸ ಸುಳ್ಳು ಹುಟ್ಟುತ್ತದೆ. ಐದು ನಿಮಿಷದ ಸಾಲುಗಳಲ್ಲಿ ಮಳೆಯನ್ನು ಖಾಲಿ ಮಾಡಿದೆ. ದಿನದ ಮೊತ್ತವನ್ನು ಬೇರೆ ಕೋಷ್ಟಕದಲ್ಲಿ, ಪುಸ್ತಕದ ಹೆಸರು ಹೇಳಿ ಬರೆದೆ. ತೊಟ್ಟಿಕ್ಕಿದ ರಾತ್ರಿಯೂ ಖಾಲಿಯೇ, ಏಕೆಂದರೆ ಆ ನೀರು ನಿಜ, ಹೊತ್ತು ಸುಳ್ಳು. ಒಂದು ಎಚ್ಚರಿಕೆ: ವೀವೆಕ್ಸ್ ಮೊತ್ತ ಕೂಡುವಾಗ ಖಾಲಿಯನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ತಿಂಗಳ ವರದಿ ಕಡಿಮೆ ತೋರಿಸುತ್ತದೆ, ಕಡಿಮೆ ಎಂದು ಹೇಳುವುದಿಲ್ಲ. ಆದ್ದರಿಂದ ತಿಂಗಳ ಮೊತ್ತದ ಪಕ್ಕದಲ್ಲಿ ಎಷ್ಟು ಗಂಟೆಗಳ ದಾಖಲೆ ಇಲ್ಲ ಎಂಬುದೂ ಬರುವಂತೆ ವರದಿಯ ನಮೂನೆಯನ್ನು ಬದಲಾಯಿಸಿದೆ.

ಎರಡು ಪುಸ್ತಕಗಳನ್ನು ಹೋಲಿಸುವ ಮೊದಲು ದಿನದ ಗಡಿ ಒಂದೇ ಆಗಬೇಕು. ಯಂತ್ರಕ್ಕೆ ದಿನವೆಂದರೆ ನಡುರಾತ್ರಿಯಿಂದ ನಡುರಾತ್ರಿ. ದೊಡ್ಡಪ್ಪನಿಗೂ ಇಲಾಖೆಗೂ ಬೆಳಿಗ್ಗೆ 8:30ರಿಂದ ಮರುದಿನ 8:30. 15ರ ಸಾಲಿನಲ್ಲಿ ಬರೆದ ಮಳೆಯ ಬಹುಭಾಗ 14ರದ್ದು. ಇದನ್ನು ಗಮನಿಸದೆ ಹೋಲಿಸಿದರೆ ಎರಡೂ ಮಾಪಕಗಳು ಒಂದಕ್ಕೊಂದು ಜಗಳ ಆಡುತ್ತಿರುವಂತೆ ಕಾಣುತ್ತವೆ. ಭಾರತೀಯ ಕಾಲಮಾನದ 8:30 ಎಂದರೆ ಗ್ರೀನಿಚ್ ಲೆಕ್ಕದ 3 ಗಂಟೆ, ಹಾಗಾಗಿ ಕಡತದ ಹೊತ್ತಿನಿಂದ 10,800 ಸೆಕೆಂಡು ಕಳೆದು ಗ್ರೀನಿಚ್ ದಿನದಂತೆ ಕತ್ತರಿಸಿದರೆ ಸಾಕು. ಸಣ್ಣದೊಂದು ಮುಳ್ಳು ಇದೆ: ವೀವೆಕ್ಸ್‌ನಲ್ಲಿ ಸಾಲಿನ ಮೇಲಿರುವ ಹೊತ್ತು ಆ ಐದು ನಿಮಿಷದ ಕೊನೆ, ಆರಂಭವಲ್ಲ. 8:30 ಎಂದು ಬರೆದ ಸಾಲು 8:25ರಿಂದ 8:30ರ ಮಳೆಯನ್ನು ಹೇಳುತ್ತದೆ, ಅದು ಮುಗಿದ ದಿನಕ್ಕೆ ಸೇರಬೇಕು. ಇನ್ನೊಂದು ಸೆಕೆಂಡು ಕಳೆದರೆ ಸರಿಹೋಗುತ್ತದೆ.

ಗಡಿ ಸರಿಯಾದ ಮೇಲೆ ಕಳೆದ ವರ್ಷದ ಜೂನ್ 1ರಿಂದ ಎರಡೂ ಮಾಪಕಗಳ ಮೊತ್ತವನ್ನು ದಿನದಿಂದ ದಿನಕ್ಕೆ ಕೂಡುತ್ತ ಹೋದೆ. ದೊಡ್ಡಪ್ಪನ ಕೂಡಿಕೆ ಅಡ್ಡಕ್ಕೆ, ನನ್ನದು ಉದ್ದಕ್ಕೆ ಇಟ್ಟು ಗೆರೆ ಎಳೆದೆ. ಜಲವಿಜ್ಞಾನದವರ ಹಳೆಯ ಉಪಾಯವಿದು. ಎರಡೂ ನೆಟ್ಟಗಿದ್ದರೆ ಗೆರೆ ನೆಟ್ಟಗಿರುತ್ತದೆ. ಒಂದು ಮಾಪಕದ ಸ್ವಭಾವ ಬದಲಾದ ದಿನ ಗೆರೆ ಬಾಗುತ್ತದೆ. ದಿನದಿನದ ಹೋಲಿಕೆಯಲ್ಲಿ ಏರುಪೇರುಗಳ ಗದ್ದಲದಲ್ಲಿ ಕಾಣದ್ದು ಇಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಜುಲೈ ಮೂರನೆಯ ವಾರದವರೆಗೆ ಅವರ 100ಕ್ಕೆ ನನ್ನದು 97. ಪುಷ್ಯ ಮಳೆ ಹಿಡಿದ ಹೊತ್ತಿನಿಂದ 90. ಅಲ್ಲಿಂದ ಮುಂದೆ ಗೆರೆ ಮತ್ತೆ ನೆಟ್ಟಗೆ, ಆದರೆ ತಗ್ಗಿದ ಕೋನದಲ್ಲಿ.

ಹಾಗಾದರೆ ಯಂತ್ರದಲ್ಲೇನೋ ಕೆಟ್ಟಿದೆ, ಮತ್ತು ಇನ್ನೂ ಕೆಟ್ಟೇ ಇದೆ. ಮಳೆಮಾಪಕವನ್ನು ತಾರಸಿಯಿಂದ ಇಳಿಸಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಒಳಗಿರುವುದು ಮಕ್ಕಳ ಏರುಪೇರಾಟದ ಹಲಗೆಯಂತೆ ಓಲಾಡುವ ಜೋಡಿ ಬಟ್ಟಲು. ಒಂದು ತುಂಬಿದಾಗ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ, ವಾಲುವಾಗ ಪುಟ್ಟ ಅಯಸ್ಕಾಂತವೊಂದು ರೀಡ್ ಸ್ವಿಚ್‌ನ ಮುಂದೆ ಹಾದು ಒಂದು ಎಣಿಕೆ ಕೊಡುತ್ತದೆ. 214 ಚದರ ಸೆಂಟಿಮೀಟರ್‌ಗೆ 0.2 ಮಿ.ಮೀ. ಎಂದರೆ 4.28 ಮಿಲಿಲೀಟರ್. 500 ಮಿಲಿಲೀಟರ್ ನಿಧಾನವಾಗಿ ಹಾಯಿಸಿದರೆ 117 ಎಣಿಕೆ ಬರಬೇಕು.

ನಿಧಾನವಾಗಿ ಹಾಯಿಸಲು ಔಷಧಿ ಅಂಗಡಿಯಲ್ಲಿ ಸಿಗುವ ಡ್ರಿಪ್ ಸೆಟ್‌ಗಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಚಕ್ರ ತಿರುಗಿಸಿ ಹನಿಯ ವೇಗವನ್ನು ಹೊಂದಿಸಬಹುದು. ಅರ್ಧ ಲೀಟರ್ ಒಂದು ಗಂಟೆಯಲ್ಲಿ ಮುಗಿದರೆ ಅದು ಗಂಟೆಗೆ 23 ಮಿ.ಮೀ.ನ ಸಾಧಾರಣ ಜೋರಿನ ಮಳೆ. ಮಾಪಕವನ್ನು ಮಟ್ಟದ ಗುಳ್ಳೆಯಿಟ್ಟು ಸಮಗೊಳಿಸಿ, ಬಟ್ಟಲುಗಳನ್ನು ಒಮ್ಮೆ ಒದ್ದೆ ಮಾಡಿ, ಹನಿ ಬಿಟ್ಟೆ. ತೊಳೆಯದೆ ಮೊದಲು ಅಳೆಯಬೇಕು, ಇದು ಮುಖ್ಯ. ತೊಳೆದುಬಿಟ್ಟರೆ ಹಳೆಯ ದಾಖಲೆಯನ್ನು ತಿದ್ದಲು ಬೇಕಾದ ಸಾಕ್ಷ್ಯವೂ ತೊಳೆದುಹೋಗುತ್ತದೆ. ಬಂದದ್ದು 108.

ಬಟ್ಟಲಿನ ಅಚ್ಚನ್ನು ಬೆರಳಲ್ಲಿ ಮೆಲ್ಲನೆ ಆಡಿಸಿದರೆ ತಡೆ ಗೊತ್ತಾಗುತ್ತಿತ್ತು. ಉಪ್ಪುಗಾಳಿಗೆ ಅಚ್ಚಿನ ತುದಿಗಳಲ್ಲಿ ಬಿಳಿ ಹುಡಿ ಕೂತು, ಅದರ ಮೇಲೆ ಪಾಚಿಯ ಲೋಳೆ ಹತ್ತಿತ್ತು. ಅಚ್ಚು ಬಿಗಿಯಾದಷ್ಟೂ ವಾಲಲು ಹೆಚ್ಚು ನೀರು ಬೇಕು, ಎಣಿಕೆ ಕಡಿಮೆಯಾಗುತ್ತದೆ. ವಿನೆಗರ್‌ನಲ್ಲಿ ನೆನೆಸಿ, ಹಲ್ಲುಜ್ಜುವ ಹಳೆಯ ಬ್ರಷ್‌ನಲ್ಲಿ ತಿಕ್ಕಿ, ಶುದ್ಧ ನೀರಲ್ಲಿ ತೊಳೆದೆ. ಎಣ್ಣೆ ಹಾಕಲಿಲ್ಲ. ಎಣ್ಣೆ ಧೂಳನ್ನು ಕರೆಯುತ್ತದೆ, ಬಟ್ಟಲಿಗೆ ಇಳಿದರೆ ನೀರು ಹನಿಗಟ್ಟಿ ಉಳಿಯುವ ರೀತಿಯೂ ಬದಲಾಗುತ್ತದೆ. ಮತ್ತೆ ಅರ್ಧ ಲೀಟರ್: 116. ಒಂದು ಎಣಿಕೆಯ ಕೊರತೆಗಾಗಿ ಬಟ್ಟಲಿನ ಕೆಳಗಿನ ತಿರುಪನ್ನು ಕೆಣಕುವುದು ಬೇಡವೆನಿಸಿತು.

108ನ್ನು 116ರಿಂದ ಭಾಗಿಸಿದರೆ 0.931. ಗೆರೆಯ ಕೋನ 97ರಿಂದ 90ಕ್ಕೆ ಇಳಿದದ್ದು 0.928. ಅಡುಗೆಮನೆಯ ಕಟ್ಟೆಯೂ ದೊಡ್ಡಪ್ಪನ ಪುಸ್ತಕವೂ ಒಂದೇ ಮಾತು ಹೇಳಿದಾಗ ಆದ ಸಂತೋಷವನ್ನು ಇಲ್ಲಿ ವಿವರಿಸಲು ಹೋಗುವುದಿಲ್ಲ. ಗೆರೆ ಬಾಗಿ ಮುಗಿದ ದಿನದಿಂದ ಮಾಪಕ ಇಳಿಸಿದ ದಿನದವರೆಗಿನ ಎಲ್ಲ ಮಳೆಯನ್ನೂ 1.074ರಿಂದ ಗುಣಿಸಿದೆ. ಬಾಗುತ್ತಿದ್ದ ವಾರವನ್ನು ಗುಣಿಸದೆ, ಗುರುತು ಮಾತ್ರ ಹಾಕಿ ಬಿಟ್ಟೆ.

ಇದೇ ಕಟ್ಟೆಯಲ್ಲಿ ಜಡಿಮಳೆಯನ್ನೂ ಪರೀಕ್ಷಿಸಿದೆ. ಬಾಟಲಿಯ ಬುಡಕ್ಕೆ ಸೂಜಿಯಲ್ಲಿ ತೂತು ಮಾಡಿ, ಅರ್ಧ ಲೀಟರ್ 14 ನಿಮಿಷದಲ್ಲಿ ಇಳಿಯುವಂತೆ ಹೊಂದಿಸಿದರೆ ಗಂಟೆಗೆ 100 ಮಿ.ಮೀ. ಬಂದ ಎಣಿಕೆ 110. ಬಟ್ಟಲು ವಾಲಲು ಅರ್ಧ ಸೆಕೆಂಡಿನಷ್ಟು ಹೊತ್ತು ಬೇಕು, ಆ ಹೊತ್ತಿನಲ್ಲಿ ಸುರಿಯುವ ನೀರು ಆಗಲೇ ತುಂಬಿದ ಬಟ್ಟಲಿಗೇ ಬಿದ್ದು ಲೆಕ್ಕ ತಪ್ಪುತ್ತದೆ. ಓಲಾಡುವ ಬಟ್ಟಲಿನ ಎಲ್ಲ ಮಾಪಕಗಳ ಹುಟ್ಟುಗುಣವಿದು. ಬಿರುಸು ಹೆಚ್ಚಿದಷ್ಟೂ ಕಡಿಮೆ ಹೇಳುತ್ತವೆ. ಈ ಐದು ಶೇಕಡವನ್ನು ಹಳೆಯ ಸಾಲುಗಳಿಗೆ ಸೇರಿಸಲಿಲ್ಲ. ಐದು ನಿಮಿಷದ ಸರಾಸರಿಯ ಒಳಗೆ ಒಂದು ನಿಮಿಷದ ರಭಸ ಎಷ್ಟಿತ್ತು ಎಂದು ಕಡತಕ್ಕೆ ಗೊತ್ತಿಲ್ಲ, ಊಹಿಸಿ ತಿದ್ದುವುದು ತಿದ್ದುಪಡಿಯಲ್ಲ.

ಮಳೆ ಮುಗಿಯಿತು. ವಾಯುಭಾರಕ್ಕೆ ಬಂದರೆ, ನಮ್ಮ ದಾಖಲೆಯಲ್ಲಿ ಯಾವ ಪತ್ರಿಕೆಯೂ ವರದಿ ಮಾಡದ ವಾಯುಭಾರ ಕುಸಿತವೊಂದಿದೆ. ನವೆಂಬರ್‌ನ ಒಂದು ಸಂಜೆ ಐದೇ ನಿಮಿಷದಲ್ಲಿ 8 ಹೆಕ್ಟೋಪ್ಯಾಸ್ಕಲ್ ಇಳಿದು, ವಾರಗಟ್ಟಲೆ ಕೆಳಗೇ ಉಳಿದಿದೆ. ಚಂಡಮಾರುತವೂ ಇಷ್ಟು ಅವಸರ ಮಾಡುವುದಿಲ್ಲ. ಕನ್ಸೋಲ್‌ಗೆ ಹೊಸ ಸೆಲ್ ಹಾಕಿದಾಗ ಅದು, ವಾಯುಭಾರವನ್ನು ಸಮುದ್ರ ಮಟ್ಟಕ್ಕೆ ಹೊಂದಿಸಲು ತನ್ನಲ್ಲಿ ಬರೆದಿದ್ದ ಮನೆಯ ಎತ್ತರವನ್ನು ಮರೆತಿದೆ. ಮನೆ ಸಮುದ್ರ ಮಟ್ಟದಿಂದ ಸುಮಾರು 70 ಮೀಟರ್ ಮೇಲಿದೆ, ನಮ್ಮ ಹವೆಯಲ್ಲಿ ಸುಮಾರು 8.7 ಮೀಟರ್ ಏರಿದರೆ ಒಂದು ಹೆಕ್ಟೋಪ್ಯಾಸ್ಕಲ್ ಇಳಿಯುತ್ತದೆ, ಲೆಕ್ಕ 8.0ಕ್ಕೆ ಬರುತ್ತದೆ. ಖಚಿತಪಡಿಸಲು ಮಂಗಳೂರು ವಿಮಾನ ನಿಲ್ದಾಣದ ಅರ್ಧ ಗಂಟೆಗೊಮ್ಮೆ ಬರುವ ಮೆಟಾರ್ ಎಂಬ ಹವಾಮಾನ ವರದಿಯ ಜೊತೆ ಇಟ್ಟು ನೋಡಿದೆ. ಕುಸಿತಕ್ಕೆ ಮುಂಚೆ ನನ್ನದು ಸರಾಸರಿ 0.4 ಹೆಚ್ಚು, ಆಮೇಲೆ 7.6 ಕಡಿಮೆ. ಮೊದಲಿನ 0.4 ದೋಷವಲ್ಲ. ಮೆಟಾರ್‌ನಲ್ಲಿ ವಾಯುಭಾರದ ದಶಮಾಂಶವನ್ನು ಕತ್ತರಿಸಿ ಕೆಳಗಿನ ಪೂರ್ಣಾಂಕವನ್ನೇ ಕೊಡುತ್ತಾರೆ, ಹಾಗಾಗಿ ಸರಾಸರಿಯಲ್ಲಿ ಅರ್ಧದಷ್ಟು ಕಡಿಮೆ ಕಾಣುವುದು ಸಹಜ. 8.0 ಕೂಡಿಸಿದೆ.

ಇದೇ ವಾಯುಭಾರ ಇನ್ನೊಂದು ಒಗಟನ್ನು ಬಿಡಿಸಿತು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತದೆ, ಅದೇ ಮರ ಇಂಟರ್‌ನೆಟ್ ತಂತಿಯನ್ನೂ ಕೆಡವಿರುತ್ತದೆ. ರಾಸ್ಪ್‌ಬೆರಿ ಪೈಯ ಆ ಮಾದರಿಯಲ್ಲಿ ಸ್ವಂತ ಗಡಿಯಾರವಿಲ್ಲ. ಕರೆಂಟ್ ಬಂದಾಗ ಹಿಂದೆ ಉಳಿಸಿಟ್ಟ ಹೊತ್ತಿನಿಂದಲೇ ಎಣಿಸಲು ಶುರು ಮಾಡುತ್ತದೆ, ಇಂಟರ್‌ನೆಟ್ ಬರುವವರೆಗೆ ಹಿಂದೆಯೇ ಇರುತ್ತದೆ. ಆ ಅವಧಿಯ ಸಾಲುಗಳಲ್ಲಿ ಅಳತೆ ಸರಿ, ಹೊತ್ತು ತಪ್ಪು. ಎಷ್ಟು ತಪ್ಪು? ಉಷ್ಣವಲಯದಲ್ಲಿ ವಾಯುಭಾರಕ್ಕೂ ದಿನಕ್ಕೆರಡು ಉಬ್ಬರವಿಳಿತವಿದೆ. ಬೆಳಿಗ್ಗೆ 10ರ ಮತ್ತು ರಾತ್ರಿ 10ರ ಸುಮಾರಿಗೆ ಏರು, 4ರ ಆಸುಪಾಸು ಎರಡೂ ಹೊತ್ತು ಇಳಿ, ಅಂತರ 3 ಹೆಕ್ಟೋಪ್ಯಾಸ್ಕಲ್ ಆಸುಪಾಸು. ಮಲ್ಪೆಯ ಕಡಲಿನ ಉಬ್ಬರ ಚಂದ್ರನ ಹಿಂದೆ ದಿನದಿನ ಸರಿಯುತ್ತದೆ, ಇದು ಸೂರ್ಯನ ಮಾತು ಕೇಳುವುದರಿಂದ ಅದೇ ಹೊತ್ತಿಗೆ ಬರುತ್ತದೆ. ನನ್ನ ಕಡತದಲ್ಲಿ ಆ ದಿನಗಳ ಬೆಳಗಿನ ಏರು 5 ಗಂಟೆಗೆ ಕಂಡಿತು. ಅಂದರೆ ಗಡಿಯಾರ ಸುಮಾರು ಐದು ಗಂಟೆ ಹಿಂದೆ. ಇಷ್ಟು ಒರಟು ಅಂದಾಜನ್ನು ಬೆಳಕಿನ ಸಂವೇದಕದಿಂದ ಚೂಪು ಮಾಡಬಹುದು. ಜುಲೈಯಲ್ಲಿ ಇಲ್ಲಿ ಸೂರ್ಯೋದಯ 6:10ರ ಆಸುಪಾಸು. ಮೋಡ ಕವಿದಿದ್ದರೂ ಮೊದಲ ಬೆಳಕು ಮೂಡುವ ಹೊತ್ತನ್ನು ಹಿಂದಿನ ವಾರದ ದಿನಗಳ ಜೊತೆ ಹೊಂದಿಸಿ ನೋಡಿದರೆ ಹತ್ತು ನಿಮಿಷದೊಳಗೆ ಉತ್ತರ ಸಿಗುತ್ತದೆ.

ಹೊತ್ತನ್ನು ಮುಂದೂಡುವಾಗ ಎಸ್‌ಕ್ಯೂಲೈಟ್ ಒಮ್ಮೆ ಹಟ ಹಿಡಿಯಿತು. ವೀವೆಕ್ಸ್ ಕಡತದಲ್ಲಿ ಹೊತ್ತೇ ಸಾಲಿನ ಗುರುತು, ಒಂದೇ ಹೊತ್ತಿನ ಎರಡು ಸಾಲುಗಳು ಇರುವಂತಿಲ್ಲ. ಒಂದು ಸಾಲನ್ನು ಸರಿಸಿದರೆ ಅದು ಇನ್ನೂ ಸರಿಯದ ಮುಂದಿನ ಸಾಲಿಗೆ ಡಿಕ್ಕಿ ಹೊಡೆಯುತ್ತದೆ. ಎಲ್ಲ ಹೊತ್ತುಗಳನ್ನೂ ಮೊದಲು ಋಣ ಸಂಖ್ಯೆಯಾಗಿಸಿ, ಆಮೇಲೆ ಬೇಕಾದಷ್ಟು ಸರಿಸಿ ಧನಕ್ಕೆ ತಿರುಗಿಸಿದರೆ ಡಿಕ್ಕಿ ಇಲ್ಲ. ಈಗ ಪೈಗೆ ಡಿಎಸ್3231 ಗಡಿಯಾರದ ಪುಟ್ಟ ಹಲಗೆ ಮತ್ತು ಅದರ ಗುಂಡಿ ಸೆಲ್ ಜೋಡಿಸಿದ್ದೇನೆ.

ತೇವಾಂಶಕ್ಕೆ ಉಪ್ಪಿನ ಪರೀಕ್ಷೆ. ಮುಚ್ಚಿದ ಭರಣಿಯಲ್ಲಿ ಒದ್ದೆ ಹರಳುಪ್ಪಿದ್ದರೆ ಒಳಗಿನ ಗಾಳಿಯ ತೇವಾಂಶ ಶೇಕಡ 75ರಲ್ಲಿ ನಿಲ್ಲುತ್ತದೆ, ನಮ್ಮ ಕೋಣೆಯ ಉಷ್ಣಾಂಶಗಳಲ್ಲಿ ಹೆಚ್ಚು ಬದಲಾಗುವುದಿಲ್ಲ. ಉಪ್ಪು ಕರಗಿ ನೀರಾಗಬಾರದು, ಹಸಿ ಮರಳಿನಷ್ಟು ಒದ್ದೆ ಸಾಕು. ಸಂವೇದಕವನ್ನು ಉಪ್ಪಿಗೆ ತಾಗದಂತೆ ತೂಗುಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ 81 ತೋರಿಸುತ್ತಿತ್ತು. ತಿಂಗಳುಗಟ್ಟಲೆ ತೇವದಲ್ಲೇ ನೆನೆದ ಸಂವೇದಕಗಳು ಹೀಗೆ ಮೇಲಕ್ಕೆ ಸರಿಯುತ್ತವೆ. ಹಾಗೆಂದು ಎಲ್ಲ ಸಾಲುಗಳಿಂದಲೂ 6 ಕಳೆಯಲಾಗದು. ಮಳೆಗಾಲದ ದಾಖಲೆ 99ಕ್ಕೆ ತಲೆ ತಾಗಿಸಿ ನಿಂತಿದೆ. ನಿಜದ 93 ಕೂಡ 99, ನಿಜದ 97 ಕೂಡ 99. ಅಲ್ಲಿ ಮಾಹಿತಿಯೇ ಕಳೆದುಹೋಗಿದೆ. 99 ಇದ್ದ ಸಾಲುಗಳನ್ನು ಖಾಲಿ ಮಾಡಿ "93 ಅಥವಾ ಮೇಲೆ" ಎಂದು ಬರೆದೆ. ಸೊನ್ನೆ ಹುಡುಕಲು ಬಳಸಿದ 95ರ ಮಿತಿಯೂ ಇದರಿಂದ ಸಡಿಲವಾಯಿತು, ನಿಜದಲ್ಲಿ ಅದು 89. ಪಟ್ಟಿಯಲ್ಲಿ ಬೇಡದ ದಿನಗಳು ಸೇರಿದ್ದೀತೇ ಹೊರತು ಬೇಕಾದವು ತಪ್ಪಿರಲಾರವು, ಪುಸ್ತಕ ಹೇಗೂ ಕೊನೆಯ ಜರಡಿ. ಸಂವೇದಕವನ್ನೇ ಬದಲಾಯಿಸಿದೆ.

ಉಷ್ಣಾಂಶದಲ್ಲಿ ರಾತ್ರಿಯ ಕನಿಷ್ಠವನ್ನು ನಂಬಬಹುದು. ಹಗಲಿನದು ಸಂವೇದಕ ಮುರಕಲ್ಲಿನ ಗೋಡೆಗೆ ಹತ್ತಿರವಿದ್ದ ಕಾಲದವರೆಗೆ ಬಿಸಿಲು, ಗಾಳಿ, ಗೋಡೆಯ ಕಾವು ಎಲ್ಲ ಬೆರೆತದ್ದು. ತಿದ್ದಲು ಒಂದು ಸಂಖ್ಯೆ ಇಲ್ಲ, ಹಾಗಾಗಿ ತಿದ್ದಿಲ್ಲ. ಗಾಳಿಯ ದಾಖಲೆ ಪಶ್ಚಿಮಕ್ಕಿರುವ ತೆಂಗಿನ ಮರಗಳ ದಾಖಲೆ, ಅದರ ಬಗ್ಗೆ ಮಾತಿಲ್ಲ.

ಕೊನೆಗೆ ದಿನದ ಸಾರಾಂಶದ ಕೋಷ್ಟಕಗಳು. ವೀವೆಕ್ಸ್ ಪ್ರತಿ ದಿನದ ಗರಿಷ್ಠ, ಕನಿಷ್ಠ, ಮೊತ್ತಗಳನ್ನು ಬೇರೆಯಾಗಿ ಕೂಡಿಟ್ಟಿರುತ್ತದೆ, ವರದಿಗಳು ಓದುವುದು ಅದನ್ನೇ. ಐದು ನಿಮಿಷದ ಸಾಲುಗಳನ್ನು ಎಷ್ಟೇ ತಿದ್ದಿದರೂ ಸಾರಾಂಶವನ್ನು ಮತ್ತೆ ಕಟ್ಟದಿದ್ದರೆ ವರ್ಷದ ಅತಿ ಜೋರು ಮಳೆ 819 ಎಂದೇ ತೋರಿಸುತ್ತದೆ. ತೇವಾಂಶ ಬದಲಾದ ಸಾಲುಗಳಲ್ಲಿ ಇಬ್ಬನಿ ಬಿಂದುವನ್ನು ಮೊದಲು ಮತ್ತೆ ಲೆಕ್ಕ ಹಾಕಿಸಿ, ಹಳೆಯ ಸಾರಾಂಶವನ್ನು ಕೆಡವಿ ಹೊಸದಾಗಿ ಕಟ್ಟಿಸಿದೆ. ಆ ಹಳೆಯ ಪೈ ಅದನ್ನು ಮುಗಿಸುವಷ್ಟರಲ್ಲಿ ಊಟ ಮಾಡಿ ಬರಬಹುದಿತ್ತು.

ದೊಡ್ಡಪ್ಪನಿಗೆ ಹೊಸ ಪಟ್ಟಿ ಕೊಟ್ಟೆ. ಆ ಜುಲೈಯ ಬಿಡುವು ಅದರಲ್ಲಿಲ್ಲ. ಬೇರೆ ವರ್ಷಗಳ ಕೆಲವು ಅರ್ಧ ದಿನಗಳ ಬಿಡುವುಗಳು ಮಾತ್ರ ಇವೆ, ಅವು ಅವರ ಪುಸ್ತಕದಲ್ಲಿ ಕಾಣುವುದಿಲ್ಲ, ಏಕೆಂದರೆ ಅಲ್ಲಿ ದಿನಕ್ಕೊಂದೇ ಸಂಖ್ಯೆ. ಆ ಅರ್ಧ ದಿನಗಳಿಗೆ ಅವರು ಪೆನ್ಸಿಲ್‌ನಲ್ಲಿ ಗೆರೆ ಹಾಕಿಕೊಂಡಿದ್ದಾರೆ.

ಅವರ 100ಕ್ಕೆ ನನ್ನ 97 ಎಂಬ ಮೂರು ಶೇಕಡ ಹಾಗೆಯೇ ಉಳಿದಿದೆ. ಗಾಳಿಯ ದಿನಗಳಲ್ಲಿ ಅದು ಹೆಚ್ಚುತ್ತದೆ, ತಾರಸಿಯ ಎತ್ತರದಲ್ಲಿ ಗಾಳಿ ಹನಿಗಳನ್ನು ಆಲಿಕೆಯ ಮೇಲಿಂದ ಹಾರಿಸಿಕೊಂಡು ಹೋಗುತ್ತದೆ. ಇದನ್ನು ಗುಣಾಕಾರದಿಂದ ತಿದ್ದುವ ಬದಲು ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲೆಂದು ಎಣಿಸುವ ಪತ್ತನಾಜೆಯೊಳಗೆ ಮಾಪಕವನ್ನೇ ಅಂಗಳಕ್ಕೆ ಇಳಿಸಬೇಕೆಂದಿದ್ದೇನೆ. ಕೋಳಿಗಳು ತಲುಪದ, ಮಡಲು ಬೀಳದ ಜಾಗವೊಂದನ್ನು ಇನ್ನೂ ಹುಡುಕಬೇಕು.